ಕೇರಳದ ಊಟದೆಲೆ ಮತ್ತು ಒಡಲಿನ ಉರಿಯೂತ

ಎರ್ನಾಕುಲಂ ಪಟ್ಟಣದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ಎಣ್ಣೆಯ ವಿಷಯವಾಗಿ ಒಂದು ಹಳೆಯ ತಕರಾರು ನಡೆದುಬಂದಿದೆ. ಕಾಸರಗೋಡು, ಪುತ್ತೂರು, ಮಂಗಳೂರುಗಳ ಕಡೆಯಿಂದ ಬಂದವರಿಗೆ ತೆಂಗಿನೆಣ್ಣೆಯ ಒಗ್ಗರಣೆಯಿಲ್ಲದ ಪಲ್ಯ ಪಲ್ಯವೇ ಅಲ್ಲ. ಧಾರವಾಡ, ಬಳ್ಳಾರಿ, ತುಮಕೂರುಗಳಿಂದ ಬಂದವರಿಗೆ ಅದು ತಲೆಗೆ ಹಚ್ಚುವ ಎಣ್ಣೆ. ಅಡುಗೆಗೆ ಅವರು ಕಡಲೆಕಾಯಿ ಎಣ್ಣೆಯನ್ನೇ ಹುಡುಕಿ ತರುತ್ತಾರೆ. ರುಚಿಯ ಈ ಭೇದ ಈಚೆಗೆ ಆರೋಗ್ಯದ ವಾದವಾಗಿ ಬೆಳೆದಿದೆ. ಒಬ್ಬ ವೈದ್ಯರು ತೆಂಗಿನೆಣ್ಣೆಯನ್ನು ಬಿಡಿಸುತ್ತಾರೆ. ಅದೇ ಎಣ್ಣೆಯನ್ನು ಬೆಳಗಿನ ಜಾವ ಚಮಚೆಯಲ್ಲಿ ಕುಡಿದರೆ ಮೈಯೊಳಗಿನ ಉರಿಯೂತ ಇಳಿಯುತ್ತದೆಂಬ ಮಾತೂ ಅಷ್ಟೇ ವೇಗದಿಂದ ಹರಡುತ್ತದೆ. ಕೆಲವರು ಅನ್ನವನ್ನು ಬಿಟ್ಟು ಚಪಾತಿ ಹಿಡಿದಿದ್ದಾರೆ. ಕೆಲವರು ಎರಡನ್ನೂ ಬಿಟ್ಟು ಮೊಟ್ಟೆ ಬೆಣ್ಣೆಗಳ ಪಥ್ಯಕ್ಕೆ ಇಳಿದಿದ್ದಾರೆ. ಊರಿನಿಂದ ರಾಗಿಹಿಟ್ಟು ತರಿಸಿಕೊಂಡು ಅದರಲ್ಲಿಯೇ ಸಕಲ ರೋಗಗಳ ಪರಿಹಾರವನ್ನು ಕಾಣುವವರೂ ಇಲ್ಲದಿಲ್ಲ.

ಈ ಚರ್ಚೆ ಕಾಲಹರಣದ ಚರ್ಚೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಆಶ್ರಯದಲ್ಲಿ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ನೂರಕ್ಕೆ ೧೧.೪ ಮಂದಿ ಮಧುಮೇಹಿಗಳು; ಕೇರಳದಲ್ಲಿ ಈ ಪ್ರಮಾಣ ನೂರಕ್ಕೆ ೨೫.೫. ಗೋವೆ ಮತ್ತು ಪುದುಚೇರಿಗಳು ಮಾತ್ರವೇ ಅದಕ್ಕಿಂತ ಮುಂದಿವೆ. ಇದಕ್ಕೆ ಬಹಳ ಮೊದಲೇ, ಕೊಚ್ಚಿಯ ಅಮೃತಾ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು ಮಧ್ಯಕೇರಳದ ನಗರವಾಸಿಗಳನ್ನು ಪರೀಕ್ಷಿಸಿ ೨೦೦೬ರಲ್ಲಿ ಪ್ರಕಟಿಸಿದ ವರದಿಯಲ್ಲಿ ನೂರಕ್ಕೆ ೧೯.೫ ಮಂದಿಗೆ ಮಧುಮೇಹವಿರುವುದು ಕಂಡುಬಂದಿತ್ತು. ಅವರಲ್ಲಿ ಅರ್ಧಕ್ಕೂ ಮಿಕ್ಕಿದವರಿಗೆ ತಮಗೆ ರೋಗವಿದೆಯೆಂಬ ಸಂಗತಿಯೇ ತಿಳಿದಿರಲಿಲ್ಲ. ರಕ್ತ ತೆಗೆದು ನೋಡಿದ ದಿನವೇ ಅವರು ರೋಗಿಗಳಾದುದು.

ಊಟವೇ ಇದಕ್ಕೆ ಕಾರಣವೆಂದು ಹೇಳಿದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಯಾವ ಪದಾರ್ಥ? ಕೇರಳದ ಆಹಾರಚರಿತ್ರೆಯಲ್ಲಿ ಹೀಗೆ ಮೂರು ಪದಾರ್ಥಗಳು ಒಂದಾದಮೇಲೊಂದು ಆಪಾದಿತರ ಕಟ್ಟೆಯಲ್ಲಿ ನಿಂತಿವೆ. ಮೊದಲು ಮರಗೆಣಸು, ಆಮೇಲೆ ತೆಂಗು, ಈಗ ಅನ್ನ. ಮೂರು ವಿಚಾರಣೆಗಳ ಫಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಪ್ರಶ್ನೆಯನ್ನೇ ತಪ್ಪಾಗಿ ಕೇಳಲಾಗಿದೆಯೆಂಬ ಅನುಮಾನ ಬಾರದೆ ಇರದು. ಅದಕ್ಕೆ ಮುನ್ನ ಎರಡು ಶಬ್ದಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ.

ಉಂಡ ಅನ್ನ ಮೈಯಾಗುವ ಮತ್ತು ಮೈ ಕರಗಿ ಶಕ್ತಿಯಾಗುವ ಕ್ರಿಯೆಗಳೆಲ್ಲವನ್ನೂ ಒಟ್ಟಾಗಿ ಚಯಾಪಚಯವೆನ್ನುತ್ತಾರೆ. ಚಯವೆಂದರೆ ಕೂಡಿಸುವುದು, ಅಪಚಯವೆಂದರೆ ಕಳೆಯುವುದು. ಹಿಂದಿನವರು ಜಠರಾಗ್ನಿಯೆಂದು ಕರೆದ ಬೆಂಕಿ ಜಠರವೊಂದರಲ್ಲಿ ಮಾತ್ರ ಉರಿಯುವುದಲ್ಲ. ಯಕೃತ್ತು, ಸ್ನಾಯು, ಕೊಬ್ಬು, ಮೆದುಳು ಎಲ್ಲದರ ಕಣಕಣದಲ್ಲಿಯೂ ಅದು ಹೊತ್ತಿಕೊಂಡಿರುತ್ತದೆ. ಅದಕ್ಕೆ ಸೌದೆಯನ್ನು ಹಂಚುವ ಮೇಸ್ತ್ರಿ ಇನ್ಸುಲಿನ್ ಎಂಬ ರಸ. ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟಿ ರಕ್ತಕ್ಕೆ ಇಳಿಯುವ ಈ ರಸದ ಆಜ್ಞೆಯಂತೆ ಊಟದ ನಂತರ ಏರಿದ ಸಕ್ಕರೆ ಸ್ನಾಯುಗಳನ್ನು ಸೇರುತ್ತದೆ. ಮಿಕ್ಕಿದ್ದು ಯಕೃತ್ತಿನಲ್ಲಿ ಶೇಖರವಾಗುತ್ತದೆ. ಅದಕ್ಕೂ ಮಿಕ್ಕಿದ್ದು ಕೊಬ್ಬಾಗುತ್ತದೆ. ಎಲ್ಲ ಆಹಾರಕ್ಕೂ ಒಂದೇ ಖರ್ಚಲ್ಲ. ಸಸಾರಜನಕವನ್ನು ಪಚನಮಾಡಿ ಒಳಗು ಮಾಡಿಕೊಳ್ಳುವುದಕ್ಕೆ ಅದರಲ್ಲಿರುವ ಶಕ್ತಿಯ ನೂರರಲ್ಲಿ ೨೦ರಿಂದ ೩೦ರಷ್ಟು ಪಾಲು ವೆಚ್ಚವಾಗುತ್ತದೆ. ಪಿಷ್ಟಕ್ಕೆ ೫ರಿಂದ ೧೦ ಸಾಕು. ಕೊಬ್ಬಿಗೆ ೩ ಮೀರುವುದಿಲ್ಲ. ಬೇಳೆ ಕಾಳು ಉಂಡವನಿಗೆ ಹೊಟ್ಟೆ ತುಂಬಿದಂತೆ ಹೆಚ್ಚು ಹೊತ್ತು ಅನ್ನಿಸುವುದಕ್ಕೆ ಇದೂ ಒಂದು ಕಾರಣ.

ಉರಿಯೂತವೆಂಬ ಮಾತಿನಲ್ಲಿ ಉರಿಯೂ ಇದೆ, ಊತವೂ ಇದೆ. ಕ್ರಿಸ್ತಶಕ ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸಸ್ ಅದಕ್ಕೆ ನಾಲ್ಕು ಲಕ್ಷಣಗಳನ್ನು ಹೇಳಿದ್ದಾನೆ: ಕೆಂಪು, ಊತ, ಬಿಸಿ, ನೋವು. ಕಾಲಿಗೆ ಮುಳ್ಳು ಚುಚ್ಚಿದಾಗ ಕಾಣುವುದು ಇದೇ. ಶತ್ರುವಿನ ಮೇಲೆ ದೇಹ ಹೂಡುವ ಯುದ್ಧವಿದು. ಮುಳ್ಳು ಹೊರಬಿದ್ದರೆ ಯುದ್ಧ ಮುಗಿಯಿತು. ಆದರೆ ಇನ್ನೊಂದು ಬಗೆಯ ಉರಿಯೂತವುಂಟು. ಅದರಲ್ಲಿ ಕೆಂಪಿಲ್ಲ, ನೋವಿಲ್ಲ, ಜ್ವರವಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಒಳಗೇ ಇದ್ದು, ರಕ್ತನಾಳಗಳ ಒಳಪದರವನ್ನೂ ಇನ್ಸುಲಿನ್ನಿನ ಅಧಿಕಾರವನ್ನೂ ಸವೆಯಿಸುತ್ತದೆ. ಇದನ್ನು ಕಂಡುಹಿಡಿಯುವ ಒಂದು ಗುರುತು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬ ವಸ್ತು. ಯಕೃತ್ತಿನಲ್ಲಿ ಉತ್ಪನ್ನವಾಗುವ ಈ ವಸ್ತುವನ್ನು ೧೯೩೦ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲಿಗೆ ಕಂಡರು. ತೀವ್ರ ಸೋಂಕಿನಲ್ಲಿ ಅದು ನೂರಾರು ಪಟ್ಟು ಏರುತ್ತದೆ. ಮುಚ್ಚಿದ ಕೆಂಡದಲ್ಲಿಯಾದರೋ ಏರಿಕೆ ಅತಿ ಸ್ವಲ್ಪ. ಸೂಕ್ಷ್ಮ ಪರೀಕ್ಷೆಯಿಲ್ಲದೆ ಕಾಣುವುದಿಲ್ಲ.

ಈ ಎರಡಕ್ಕೂ, ಅಂದರೆ ಸೌದೆಯ ಲೆಕ್ಕಕ್ಕೂ ಒಳಗಿನ ಕೆಂಡಕ್ಕೂ, ಸಂಬಂಧವೇನು? ಬಹುಕಾಲ ಕೊಬ್ಬನ್ನು ನಿರ್ಜೀವವಾದ ಉಗ್ರಾಣವೆಂದೇ ತಿಳಿಯಲಾಗಿತ್ತು. ೧೯೯೩ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಗೋಖಾನ್ ಹೋತಾಮಿಶ್ಲಿಗಿಲ್ ಮತ್ತು ಅವನ ಸಂಗಡಿಗರು ಬೊಜ್ಜು ಬೆಳೆದ ಇಲಿಗಳ ಕೊಬ್ಬು ಟಿ.ಎನ್.ಎಫ್. ಎಂಬ ಉರಿಯೂತದ ರಸವನ್ನು ತಾನೇ ಸ್ರವಿಸುತ್ತದೆಂದೂ, ಆ ರಸ ಇನ್ಸುಲಿನ್ನಿನ ಮಾತು ನಡೆಯದಂತೆ ಮಾಡುತ್ತದೆಂದೂ ತೋರಿಸಿದರು. ಹತ್ತು ವರ್ಷಗಳ ಮೇಲೆ, ೨೦೦೩ರಲ್ಲಿ, ಬೊಜ್ಜಿನ ಕೊಬ್ಬಿನೊಳಗೆ ಕಾವಲುಕಣಗಳು ದಂಡಾಗಿ ಬೀಡುಬಿಟ್ಟಿರುವುದು ಕಂಡಿತು. ತುಂಬಿ ಬಿರಿಯುವ ಕೊಬ್ಬಿನ ಕಣ ಸಾಯುತ್ತದೆ. ಅದನ್ನು ಕಬಳಿಸಲು ಬಂದ ಕಾವಲುಕಣ ಉರಿಯನ್ನು ಹೊತ್ತಿಸುತ್ತದೆ. ಆ ಉರಿಯಿಂದ ಇನ್ಸುಲಿನ್ನಿಗೆ ಯಕೃತ್ತೂ ಸ್ನಾಯುವೂ ಕಿವುಡಾಗುತ್ತವೆ. ಗ್ರಂಥಿ ಇನ್ನಷ್ಟು ರಸವನ್ನು ಸುರಿಸಿ ಕೊನೆಗೆ ದಣಿಯುತ್ತದೆ. ಮಧುಮೇಹದ ದಾರಿ ಬಹುಮಟ್ಟಿಗೆ ಇದು. ತೊಡೆ, ಸೊಂಟಗಳ ಚರ್ಮದ ಕೆಳಗಿನ ಕೊಬ್ಬಿಗಿಂತ ಕರುಳು, ಯಕೃತ್ತುಗಳ ಸುತ್ತ ಕೂಡುವ ಹೊಟ್ಟೆಯ ಕೊಬ್ಬು ಈ ಕಾರ್ಯದಲ್ಲಿ ಹೆಚ್ಚು ಕೇಡಿಗ.

ತೆಳ್ಳಗಿರುವವನಿಗೆ ಈ ಭಯವಿಲ್ಲವೆಂದು ಭಾರತೀಯನು ನೆಮ್ಮದಿಯಾಗಿರುವಂತಿಲ್ಲ. ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಇಂಗ್ಲೆಂಡಿನ ಜಾನ್ ಯುಡ್ಕಿನ್ನರೂ ೨೦೦೪ರಲ್ಲಿ ತಮ್ಮಿಬ್ಬರದೇ ಭಾವಚಿತ್ರವನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ ೨೨.೩. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ಮೈಯಲ್ಲಿ ೨೧.೨. ವಿದ್ವಾಂಸರಿಬ್ಬರು ತಮ್ಮ ಅಂಗಿಯೊಳಗಿನ ಸಂಗತಿಯನ್ನು ಲೋಕಕ್ಕೆ ತೋರಿಸಿ ಹೇಳಿದ ಈ ಪಾಠ ನೂರು ಪುಟಗಳ ಗ್ರಂಥಕ್ಕಿಂತ ಪರಿಣಾಮಕಾರಿಯಾಯಿತು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ: ಕಚೇರಿಯಲ್ಲಿ ಕುಳಿತು ದುಡಿಯುವ ಕನ್ನಡಿಗನ ರೂಪವನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸುವುದು ಕಷ್ಟ.

ಇನ್ನು ಆಪಾದಿತರ ವಿಷಯಕ್ಕೆ ಬರಬಹುದು. ಮರಗೆಣಸು ದಕ್ಷಿಣ ಅಮೆರಿಕದ ಬೆಳೆ. ತಿರುವಿದಾಂಕೂರಿನಲ್ಲಿ ಅದರ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟವನು ೧೮೮೦ರಿಂದ ೧೮೮೫ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜ. ಎರಡನೆಯ ಮಹಾಯುದ್ಧದಲ್ಲಿ, ೧೯೪೨ರಲ್ಲಿ ಬರ್ಮಾ ಜಪಾನೀಯರ ವಶವಾದಾಗ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಂದಿನ ಕ್ಷಾಮದಲ್ಲಿ ತಿರುವಿದಾಂಕೂರಿನ ಬಡವರ ಪ್ರಾಣವನ್ನು ಉಳಿಸಿದ್ದು ಈ ಗೆಡ್ಡೆಯೇ. ಕೊಚ್ಚಿಯ ಕಡೆ ಕಪ್ಪ, ತಿರುವನಂತಪುರದ ಕಡೆ ಮರಚ್ಚೀನಿ ಎಂದು ಅದಕ್ಕೆ ಹೆಸರು.

ಯುದ್ಧಾನಂತರದ ದಶಕಗಳಲ್ಲಿ ಕೇರಳದ ಆಸ್ಪತ್ರೆಗಳಿಗೆ ಒಂದು ವಿಚಿತ್ರ ರೋಗದ ಬಡ ಎಳೆಯರು ಬರತೊಡಗಿದರು. ಬಾಲ್ಯದಲ್ಲಿ ಮರುಕಳಿಸುವ ಹೊಟ್ಟೆನೋವು, ಹದಿಹರೆಯದಲ್ಲಿ ತೀವ್ರ ಮಧುಮೇಹ, ಮೇದೋಜೀರಕ ಗ್ರಂಥಿಯ ತುಂಬ ಸುಣ್ಣದ ಕಲ್ಲುಗಳು. ಗ್ರಂಥಿಯ ದೀರ್ಘಕಾಲದ ಉರಿಯೂತವೇ ಇಲ್ಲಿ ಮಧುಮೇಹವನ್ನು ತರುತ್ತಿತ್ತು. ಬೊಜ್ಜಿನ ಸುಳಿವೇ ಇರಲಿಲ್ಲ. ೧೯೫೯ರಲ್ಲಿ ಜುಯಿಡೆಮಾ ಎಂಬುವನು ಇಂಡೊನೇಷ್ಯದಲ್ಲಿ, ಮರಗೆಣಸು ತಿನ್ನುವ ಅರೆಹೊಟ್ಟೆಯವರಲ್ಲಿ, ಇಂಥದೇ ರೋಗವನ್ನು ವರ್ಣಿಸಿದ್ದನು. ಕೇರಳದಲ್ಲಿ ಇದರ ಅಧ್ಯಯನಕ್ಕೆ ತನ್ನ ಆಯುಷ್ಯವನ್ನೇ ಮುಡಿಪಿಟ್ಟವರು ಡಾಕ್ಟರ್ ಪಿ. ಜೆ. ಗೀವರ್ಗೀಸ್. ೧೯೬೮ರಲ್ಲಿ ಹೊರಬಂದ ಅವರ ಗ್ರಂಥದಲ್ಲಿರುವಷ್ಟು ರೋಗಿಗಳ ವಿವರ ಜಗತ್ತಿನಲ್ಲಿ ಬೇರೆಲ್ಲಿಯೂ ಆಗ ದೊರೆಯುತ್ತಿರಲಿಲ್ಲ. ೧೯೭೯ರಲ್ಲಿ ಮ್ಯಾಕ್‌ಮಿಲನ್ನರೂ ಅವರೂ ಕೂಡಿ ಮರಗೆಣಸಿನ ಮೇಲೆ ನೇರವಾಗಿ ಬೊಟ್ಟು ಮಾಡಿದರು. ಗೆಡ್ಡೆಯಲ್ಲಿ ಲಿನಮಾರಿನ್ ಎಂಬ ವಸ್ತುವಿದೆ. ಅದು ಒಡೆದಾಗ ಸಯನೈಡ್ ವಿಷ ಬಿಡುಗಡೆಯಾಗುತ್ತದೆ. ಆ ವಿಷವನ್ನು ದೇಹ ನಿರಪಾಯ ಮಾಡಬಲ್ಲುದು, ಆದರೆ ಅದಕ್ಕೆ ಗಂಧಕ ಬೇಕು. ಗಂಧಕ ಬರುವುದು ಸಸಾರಜನಕದಿಂದ. ಮರಗೆಣಸಿನಲ್ಲಿಯೋ ಸಸಾರಜನಕ ನೂರಕ್ಕೆ ಒಂದರಷ್ಟು ಮಾತ್ರ. ವಿಷವನ್ನು ಕೊಟ್ಟು ಮದ್ದನ್ನು ಕೊಡದ ಆಹಾರ ಅದು.

ವಾದ ಸೊಗಸಾಗಿದ್ದಿತು. ಆದರೆ ಸಾಕ್ಷ್ಯ ಪೂರ್ತಿಯಾಗಿ ಕೂಡಿಬರಲಿಲ್ಲ. ಮರಗೆಣಸನ್ನೇ ತಿನ್ನದ ಪ್ರಾಂತಗಳಲ್ಲಿಯೂ ಈ ರೋಗ ಕಂಡಿತು. ಅದನ್ನೇ ತಿನ್ನುವ ಆಫ್ರಿಕದ ಎಷ್ಟೋ ಸೀಮೆಗಳಲ್ಲಿ ಕಾಣಲಿಲ್ಲ. ಈ ಶತಮಾನದ ಆರಂಭದಲ್ಲಿ ರೋಗಿಗಳಲ್ಲಿ ಹಲವರಿಗೆ ಸ್ಪಿಂಕ್-೧ ಎಂಬ ಅನುವಂಶಿಕ ಅಂಶದಲ್ಲಿ ದೋಷವಿರುವುದು ತಿಳಿಯಿತು. ಕೊಚ್ಚಿಯ ವಿ. ಬಾಲಕೃಷ್ಣನ್ ಅವರ ಮುಂದಾಳುತನದಲ್ಲಿ ದೇಶದ ೧,೦೮೬ ರೋಗಿಗಳನ್ನು ಪರಿಶೀಲಿಸಿ ೨೦೦೮ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಳೆಯ ಗ್ರಂಥಗಳ ಲಕ್ಷಣಗಳಿಗೆ ಹೊಂದುವವರು ನೂರಕ್ಕೆ ೩.೮ ಮಂದಿ ಮಾತ್ರ ಉಳಿದಿದ್ದರು. ಮರಗೆಣಸು ಅಂಗಡಿಯಿಂದ ಮರೆಯಾಗಿರಲಿಲ್ಲ, ಅರೆಹೊಟ್ಟೆ ಕಡಮೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆ ೧೯೮೫ರಲ್ಲಿ ಅಪೌಷ್ಟಿಕತೆಯ ಮಧುಮೇಹವನ್ನು ಪ್ರತ್ಯೇಕ ವರ್ಗವಾಗಿ ಒಪ್ಪಿ ೧೯೯೯ರಲ್ಲಿ ಕೈಬಿಟ್ಟಿತು. ಗ್ರಂಥಿಯಲ್ಲಿ ಕಲ್ಲಿಲ್ಲದ, ಬರಿಯ ಅಪೌಷ್ಟಿಕತೆಗೆ ಸಂಬಂಧಿಸಿದ ಬಗೆಯನ್ನು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ೨೦೨೫ರಲ್ಲಿ ಐದನೆಯ ಬಗೆಯೆಂದು ಮತ್ತೆ ಎತ್ತಿಕೊಂಡಿತು. ವಿಚಾರಣೆ ಮುಗಿದಿಲ್ಲವೆಂದೇ ಅರ್ಥ.

ಈ ಪ್ರಸಂಗದಲ್ಲಿ ಮೈಸೂರಿಗೂ ಒಂದು ಪಾತ್ರವಿರುವುದನ್ನು ಹೊರನಾಡ ಕನ್ನಡಿಗರು ನೆನೆಯಬೇಕು. ೧೯೫೦ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ, ಮೊದಲ ನಿರ್ದೇಶಕರಾದ ವಿ. ಸುಬ್ರಹ್ಮಣ್ಯನ್ ಅವರ ಕಾಲದಲ್ಲಿ, ಮೂರು ಪಾಲು ಮರಗೆಣಸಿನ ಹಿಟ್ಟಿಗೆ ಒಂದು ಪಾಲು ಕಡಲೆಕಾಯಿ ಹಿಂಡಿಯ ಹಿಟ್ಟು ಬೆರಸಿ ಮೈಸೂರು ಹಿಟ್ಟು ಎಂಬ ಆಹಾರವನ್ನು ತಯಾರಿಸಿದರು. ಗೆಡ್ಡೆಯನ್ನು ನಿಂದಿಸುವ ಬದಲು ಅದಕ್ಕೆ ಜೊತೆಯನ್ನು ಒದಗಿಸಿದ ಬುದ್ಧಿ ಅದು. ಕೇರಳದ ಅಡುಗೆಮನೆಗೂ ಈ ಬುದ್ಧಿ ಹೊಸದಾಗಿರಲಿಲ್ಲ. ಕಪ್ಪವನ್ನು ಬೇಯಿಸಿ ನೀರು ಬಸಿದು ಚೆಲ್ಲುವ ರೂಢಿಯಿಂದ ವಿಷದ ಬಹುಭಾಗ ಕಳೆಯುತ್ತದೆ. ಜೊತೆಗೆ ಬಡಿಸುವ ಮೀನಿನಿಂದ ಗಂಧಕವುಳ್ಳ ಸಸಾರಜನಕ ದೊರೆಯುತ್ತದೆ. ಕಪ್ಪವೂ ಮೀನೂ ಜೋಡಿಯಾದುದು ಬರಿಯ ನಾಲಗೆಯ ಚಪಲದಿಂದಲ್ಲ. ಮೀನು ಕೊಳ್ಳಲಾರದ ಮನೆಯಲ್ಲಿ ಕಪ್ಪ ಒಂಟಿಯಾಯಿತು.

ಎರಡನೆಯ ಆಪಾದಿತ ತೆಂಗು. ಕಾಸರಗೋಡಿನ ತೆಂಗಿನ ಸಂಶೋಧನಾ ಕೇಂದ್ರ ಮದರಾಸು ಸರ್ಕಾರದಿಂದ ಸ್ಥಾಪಿತವಾದುದು ೧೯೧೬ರಲ್ಲಿ. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು; ೧೯೭೦ರಲ್ಲಿ ಆ ಕೇಂದ್ರ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವಾಯಿತು. ಮರದ ಅಧ್ಯಯನ ಹೀಗೆ ಮೊದಲಾಗಿ ಸರಿಯಾಗಿ ನೂರು ವರ್ಷಗಳ ಮೇಲೆ, ೨೦೧೬ರಲ್ಲಿ, ಅದರ ಎಣ್ಣೆಯನ್ನು ತಿನ್ನುವ ಹೃದ್ರೋಗಿಗಳ ಮೇಲೆ ನಡೆದ ಒಂದು ಕ್ರಮಬದ್ಧ ಪ್ರಯೋಗದ ಫಲವನ್ನು ಕೊಚ್ಚಿಯ ಅಮೃತಾ ಸಂಸ್ಥೆಯವರು ಪ್ರಕಟಿಸಿದರು.

ತೆಂಗಿನೆಣ್ಣೆಯ ಮೇಲಿನ ದೂರು ಸಾಧಾರಣವಾದುದಲ್ಲ. ಅದರಲ್ಲಿ ನೂರಕ್ಕೆ ೯೦ರಷ್ಟು ಸಂತೃಪ್ತ ಕೊಬ್ಬಿದೆ; ಅಂಥ ಕೊಬ್ಬು ಯಕೃತ್ತಿನ ಮೇಲೆ ಕೊಲೆಸ್ಟರಾಲನ್ನು ಹಿಡಿದು ಒಳಗೆಳೆಯುವ ಕೊಂಡಿಗಳನ್ನು ಕಡಮೆ ಮಾಡುತ್ತದೆ; ಕೆಟ್ಟದೆನಿಸಿದ ಎಲ್.ಡಿ.ಎಲ್. ಕೊಲೆಸ್ಟರಾಲ್ ರಕ್ತದಲ್ಲಿಯೇ ಉಳಿಯುತ್ತದೆ. ಅಮೆರಿಕದ ಹೃದಯ ಸಂಘ ೨೦೧೭ರಲ್ಲಿ ಈ ಎಣ್ಣೆ ಬೇಡವೆಂದೇ ಸಲಹೆಯಿತ್ತಿತು. ಇತ್ತ ತಿರುವನಂತಪುರದ ಕೇರಳ ವಿಶ್ವವಿದ್ಯಾಲಯದಲ್ಲಿ ನೆವಿನ್ ಮತ್ತು ರಾಜಮೋಹನ್ ೨೦೦೪ರಲ್ಲಿ, ಕೊಬರಿಯಿಂದಲ್ಲದೆ ಹಸಿ ಕಾಯಿಯ ಹಾಲಿನಿಂದ ತೆಗೆದ ಎಣ್ಣೆ ಇಲಿಗಳ ರಕ್ತದ ಕೊಬ್ಬನ್ನು ಇಳಿಸಿತೆಂದು ತೋರಿಸಿದರು. ಚಮಚೆಯಲ್ಲಿ ಕುಡಿಯುವವರ ವಾದಕ್ಕೆ ಆಧಾರವಾಗಿ ಇಂಥ ಪ್ರಯೋಗಗಳನ್ನೇ ಹೇಳುವುದುಂಟು. ಇಲಿಗೆ ಹಿತವಾದುದೆಲ್ಲ ಗುಮಾಸ್ತನಿಗೂ ಹಿತವಾಗಬೇಕೆಂಬ ನಿಯಮವಿಲ್ಲ.

ಕೊಚ್ಚಿಯ ಪ್ರಯೋಗಕ್ಕೆ ಆರಿಸಿಕೊಂಡವರು ೨೦೦ ಮಂದಿ, ಹೃದ್ರೋಗ ಸ್ಥಿಮಿತಕ್ಕೆ ಬಂದು ಔಷಧ ಸೇವಿಸುತ್ತಿದ್ದವರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಿ, ಒಂದಕ್ಕೆ ತೆಂಗಿನೆಣ್ಣೆಯಲ್ಲಿಯೂ ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆಯಲ್ಲಿಯೂ ಎರಡು ವರ್ಷ ಅಡುಗೆ ಮಾಡುವಂತೆ ವಿಧಿಸಿದರು. ನೂರಕ್ಕೆ ೯೮ ಮಂದಿ ಕೊನೆಯವರೆಗೂ ಉಳಿದರು. ಆಹಾರದ ಪ್ರಯೋಗದಲ್ಲಿ ಇದು ಅಪರೂಪ. ರಕ್ತದ ಕೊಬ್ಬು, ರಕ್ತನಾಳ ಹಿಗ್ಗುವ ಶಕ್ತಿ, ಹೃದಯದ ಹೊಸ ಆಘಾತಗಳು, ಯಾವುದರಲ್ಲಿಯೂ ಎರಡು ಗುಂಪುಗಳಿಗೆ ಗಣನೀಯ ಭೇದ ಕಾಣಲಿಲ್ಲ. ತೆಂಗಿನ ಪಕ್ಷದವರು ಇದನ್ನು ವಿಜಯವೆಂದು ಸಾರಿದರು. ಅಷ್ಟು ಸಾರುವುದು ಸಲ್ಲದು. ಕೊಲೆಸ್ಟರಾಲನ್ನು ಇಳಿಸುವ ಪ್ರಬಲ ಔಷಧವನ್ನು ನಿತ್ಯ ನುಂಗುವವರಲ್ಲಿ ಎಣ್ಣೆಯ ಭೇದ ಅಡಗಿಹೋಗಬಹುದು. ಔಷಧ ತೆಗೆದುಕೊಳ್ಳದ ಆರೋಗ್ಯವಂತನಿಗೆ ಈ ತೀರ್ಪು ಅನ್ವಯಿಸದು. ೧೬ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೨೦ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ತೆಂಗಿನೆಣ್ಣೆ ಇತರ ಸಸ್ಯತೈಲಗಳಿಗಿಂತ ಎಲ್.ಡಿ.ಎಲ್.ಅನ್ನು ಡೆಸಿಲೀಟರಿಗೆ ೧೦ ಮಿಲಿಗ್ರಾಮಿನಷ್ಟು ಏರಿಸಿತು, ಒಳ್ಳೆಯದೆನ್ನುವ ಎಚ್.ಡಿ.ಎಲ್.ಅನ್ನೂ ೪ ಮಿಲಿಗ್ರಾಮಿನಷ್ಟು ಏರಿಸಿತು. ರಕ್ತದ ಸಕ್ಕರೆ, ಬೊಜ್ಜು, ಉರಿಯೂತದ ಗುರುತುಗಳು ಇವುಗಳ ಮೇಲೆ ಅದರ ಪ್ರಭಾವ ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಎಂದರೆ ಉರಿಯೂತವನ್ನು ಹೊತ್ತಿಸಿತೆಂಬ ದೂರೂ, ಆರಿಸಿತೆಂಬ ಹೊಗಳಿಕೆಯೂ ಎರಡೂ ನಿಲ್ಲುವುದಿಲ್ಲ. ಒಗ್ಗರಣೆಯ ಎಣ್ಣೆ ಒಗ್ಗರಣೆಯಷ್ಟೇ ಇದ್ದರೆ ಆ ಮನೆಯ ಜಗಳಕ್ಕೆ ಅಷ್ಟು ಬಿಸಿ ಬೇಕಾಗಿಲ್ಲ.

ವಲಸೆ ಹೋದವರ ಊಟವ್ಯತ್ಯಾಸಕ್ಕೆ ತೆಂಗಿನ ಜನರದೇ ಒಂದು ಮಾರ್ಮಿಕ ನಿದರ್ಶನವಿದೆ. ಶಾಂತಸಾಗರದ ಟೋಕೆಲಾವ್ ದ್ವೀಪದವರ ಆಹಾರಶಕ್ತಿಯಲ್ಲಿ ನೂರಕ್ಕೆ ೬೩ ಪಾಲು ತೆಂಗಿನಿಂದಲೇ ಬರುತ್ತಿತ್ತು. ಅವರ ಕೊಲೆಸ್ಟರಾಲ್ ನೆರೆಯ ದ್ವೀಪದವರದಕ್ಕಿಂತ ಹೆಚ್ಚಾಗಿದ್ದರೂ ಹೃದ್ರೋಗ ವಿರಳವಾಗಿತ್ತೆಂದು ಪ್ರಯರ್ ಮತ್ತು ಸಂಗಡಿಗರು ೧೯೮೧ರಲ್ಲಿ ಬರೆದರು. ೧೯೬೬ರ ಬಿರುಗಾಳಿಯ ತರುವಾಯ ಅವರಲ್ಲಿ ಅನೇಕರು ನ್ಯೂಜಿಲೆಂಡಿಗೆ ವಲಸೆ ಹೋದರು. ಅಲ್ಲಿ ತೆಂಗು ಕಡಮೆಯಾಯಿತು, ಸಂತೃಪ್ತ ಕೊಬ್ಬೂ ಇಳಿಯಿತು. ಆದರೆ ಪಿಷ್ಟವೂ ಸಕ್ಕರೆಯೂ ಏರಿದವು. ಎಲ್.ಡಿ.ಎಲ್. ಇಳಿಯುವ ಬದಲು ಏರಿತು, ತೂಕ ಹೆಚ್ಚಿತು, ಮಧುಮೇಹವೂ ಬೆಳೆಯಿತು. ದೂರು ಹೊತ್ತ ಪದಾರ್ಥ ಎಲೆಯಿಂದ ಹೋದಾಗ ಅದರ ಸ್ಥಾನಕ್ಕೆ ಯಾವುದು ಬಂದಿತೆಂಬುದೇ ನಿರ್ಣಾಯಕವಾಯಿತು.

ಅನ್ನದ ಮೇಲಿನ ದೂರಿಗೆ ಬಲವಾದ ಆಧಾರವಿದೆ. ೨೦೨೩ರಲ್ಲಿ ಮಧುಮೇಹದ ಲೆಕ್ಕ ಹೇಳಿದ ಆ ದೇಶವ್ಯಾಪಿ ಸಮೀಕ್ಷೆಯ ಆಹಾರಭಾಗ ೨೦೨೫ರಲ್ಲಿ ಪ್ರಕಟವಾಯಿತು. ಭಾರತೀಯರು ತಮ್ಮ ಆಹಾರಶಕ್ತಿಯಲ್ಲಿ ನೂರಕ್ಕೆ ೬೨ ಪಾಲನ್ನು ಪಿಷ್ಟ ಸಕ್ಕರೆಗಳಿಂದ ಪಡೆಯುತ್ತಾರೆ. ಸಸಾರಜನಕದಿಂದ ಸುಮಾರು ೧೨ ಮಾತ್ರ. ಆದರೆ ಈ ವರದಿಯಲ್ಲಿ ಕನ್ನಡಿಗರು ಎರಡು ಸಲ ಓದಬೇಕಾದ ಮಾತೊಂದಿದೆ. ಪಾಲಿಷು ಮಾಡಿದ ಅಕ್ಕಿಯನ್ನು ಬಿಟ್ಟು ಅಷ್ಟೇ ಪ್ರಮಾಣದ ಇಡಿ ಗೋಧಿಯ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ಹಿಡಿದರೆ ಮಧುಮೇಹದ ಸಂಭವ ಇಳಿದಂತೆ ಕಾಣಲಿಲ್ಲ. ಒಟ್ಟು ಪಿಷ್ಟದಲ್ಲಿ ಸ್ವಲ್ಪವನ್ನು ತೆಗೆದು ಆ ಜಾಗದಲ್ಲಿ ಬೇಳೆ ಕಾಳುಗಳ ಇಲ್ಲವೆ ಹಾಲು ಮೊಸರುಗಳ ಸಸಾರಜನಕವನ್ನು ಇಟ್ಟಾಗ ಇಳಿಯಿತು. ಮೂರು ಮುದ್ದೆಯನ್ನು ತೆಳು ಸಾರಿನಲ್ಲಿ ಅದ್ದಿ ನುಂಗಿ ರಾಗಿಯನ್ನು ಹೊಗಳುವುದರಲ್ಲಿ ಹೆಚ್ಚು ಪ್ರಯೋಜನವಿಲ್ಲವೆಂದಾಯಿತು. ರಾಗಿಯ ನಾರಿಗೂ ಸುಣ್ಣಕ್ಕೂ ಬೆಲೆಯಿಲ್ಲವೆಂದು ಇದರ ಅರ್ಥವಲ್ಲ. ಲೆಕ್ಕ ಮುದ್ದೆಯ ಗಾತ್ರದ್ದು.

ಕೇರಳದ ಹಳೆಯ ಊಟಕ್ರಮದಲ್ಲಿ ಪಿಷ್ಟ ಒಂಟಿಯಾಗಿರಲಿಲ್ಲವೆಂಬುದು ಗಮನಾರ್ಹ. ಪುಟ್ಟಿಗೆ ಕಡಲೆ, ಗಂಜಿಗೆ ಹೆಸರುಕಾಳು, ಕುಚ್ಚಲಕ್ಕಿಯ ಅನ್ನಕ್ಕೆ ಚೀರ ಸೊಪ್ಪಿನ ತೋರನ್, ಮೀನು ತಿನ್ನುವವರಿಗೆ ಮತ್ತಿ. ಸೊಪ್ಪು ಕಾಳುಗಳ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುಳಿಯಿಸಿ ಬ್ಯುಟಿರೇಟ್ ಮೊದಲಾದ ಚಿಕ್ಕ ಆಮ್ಲಗಳನ್ನು ಉತ್ಪತ್ತಿಮಾಡುತ್ತವೆ. ಕರುಳಿನ ಗೋಡೆಗೆ ಅವು ಆಹಾರ. ಉರಿಯೂತದ ಕಣಗಳಿಗೆ ಕಡಿವಾಣ. ನಾರು ತಪ್ಪಿದಾಗ ಗೋಡೆ ಸಡಿಲಗೊಂಡು ಸೂಕ್ಷ್ಮಜೀವಿಗಳ ತುಣುಕುಗಳು ರಕ್ತಕ್ಕೆ ನುಸುಳಿ ಆ ಮುಚ್ಚಿದ ಕೆಂಡವನ್ನು ಊದುವುದೂ ಉಂಟು. ಮಂಗಳೂರಿನವರು ಬೂತಾಯಿಯೆನ್ನುವ ಆ ಅಗ್ಗದ ಮತ್ತಿಮೀನಿನ ಕೊಬ್ಬಿನಿಂದ ದೇಹ ತಯಾರಿಸಿಕೊಳ್ಳುವ ಕೆಲವು ರಸಗಳು ಉರಿಯೂತವನ್ನು ಮುಗಿಸುವ ಕೆಲಸಕ್ಕೇ ಮೀಸಲಾದುವು. ಸಸ್ಯಾಹಾರಿಗಳಿಗೆ ಉತ್ತರ ಕರ್ನಾಟಕದ ಅಗಸಿ ಚಟ್ನಿಯಿದೆ. ಆದರೆ ಅಗಸೆಯ ಕೊಬ್ಬು ಮೀನಿನ ಕೊಬ್ಬಾಗಿ ಮಾರ್ಪಡುವುದು ಅತ್ಯಲ್ಪವೆಂಬುದನ್ನು ಮರೆಯಬಾರದು.

ಹೆಸರುಗೊಂಡ ಪಥ್ಯಗಳ ವಿಷಯದಲ್ಲಿ ಹೆಚ್ಚು ಬೆಳೆಸಬೇಕಾದುದಿಲ್ಲ. ಪಿಷ್ಟವನ್ನು ಪೂರ್ತಿ ತೊರೆದು ಕೊಬ್ಬನ್ನೇ ಉರಿಸುವ ಕೀಟೋ ಪಥ್ಯ ೧೯೨೧ರಲ್ಲಿ ಅಪಸ್ಮಾರದ ರೋಗಿಗಳಿಗಾಗಿ ಹುಟ್ಟಿದುದು. ಅದರಿಂದ ಸಕ್ಕರೆ ಬೇಗ ಇಳಿಯುತ್ತದೆ; ಕೆಲವರಲ್ಲಿ ಎಲ್.ಡಿ.ಎಲ್. ಅಷ್ಟೇ ಬೇಗ ಏರುತ್ತದೆ. ವರ್ಷಗಟ್ಟಲೆ ನಡೆಸುವವರು ವಿರಳ. ಎಣ್ಣೆಕಾಯಿ, ಕಾಳು, ಮೀನು, ಆಲಿವ್ ಎಣ್ಣೆಗಳ ಮೆಡಿಟರೇನಿಯನ್ ಊಟ ಹೃದಯದ ಆಘಾತಗಳನ್ನು ಕಡಮೆ ಮಾಡಿತೆಂದು ಸ್ಪೇನಿನ ೭,೪೪೭ ಮಂದಿಯ ಮೇಲೆ ನಡೆದ ಪ್ರಯೋಗ ೨೦೧೩ರಲ್ಲಿ ಹೇಳಿತು. ಗುಂಪು ಮಾಡಿದುದರಲ್ಲಿ ದೋಷ ಕಂಡು ಹಿಂತೆಗೆದು, ಲೆಕ್ಕವನ್ನು ತಿದ್ದಿ ೨೦೧೮ರಲ್ಲಿ ಮತ್ತೆ ಪ್ರಕಟಿಸಿದಾಗಲೂ ಫಲ ಬಹುಮಟ್ಟಿಗೆ ಹಾಗೆಯೇ ನಿಂತಿತು. ಹೊತ್ತಿಗೆ ಮಿತಿ ಹಾಕಿ ಉಣ್ಣುವ ಉಪವಾಸಕ್ರಮ, ಅಷ್ಟೇ ಆಹಾರವನ್ನು ದಿನವಿಡೀ ಉಂಡವರಿಗಿಂತ ಹೆಚ್ಚು ತೂಕವನ್ನು ಇಳಿಸಲಿಲ್ಲವೆಂದು ಚೀನದ ೧೩೯ ಮಂದಿಯ ಪ್ರಯೋಗ ೨೦೨೨ರಲ್ಲಿ ತೋರಿಸಿತು. ಏಕಾದಶಿಯ ದಿನ ಅನ್ನ ಬಿಟ್ಟು ಸಾಬಕ್ಕಿಯ ಉಪ್ಪಿಟ್ಟನ್ನು ಸೇವಿಸುವವರು, ಸಾಬಕ್ಕಿ ಮರಗೆಣಸಿನ ಶುದ್ಧ ಪಿಷ್ಟವೆಂಬುದನ್ನು ಸಾಮಾನ್ಯವಾಗಿ ಅರಿಯರು.

ಎರ್ನಾಕುಲಂನ ವಲಸಿಗ ಮನೆಯ ಎಲೆಯಲ್ಲಿ ಆಗುವ ವ್ಯತ್ಯಾಸ ಹೊರನೋಟಕ್ಕೆ ಕಾಣುವಂಥದಲ್ಲ. ಅನ್ನ, ಸಾರು, ಹಪ್ಪಳ, ಉಪ್ಪಿನಕಾಯಿ ಊರಿನಂತೆಯೇ ಉಳಿಯುತ್ತವೆ. ಹಬ್ಬದ ಹೋಳಿಗೆಯಂತೂ ಊರಿನಲ್ಲಿದ್ದುದಕ್ಕಿಂತ ನಿಷ್ಠೆಯಿಂದ ಆಗುತ್ತದೆ. ಕಳಚಿಹೋಗುವುದು ಬಸ್ಸಾರು, ತಂಬುಳಿ, ಮೊಳಕೆಕಾಳಿನ ಹುಳಿ, ಹಿತ್ತಿಲ ಸೊಪ್ಪು. ಏಕೆಂದರೆ ಅವುಗಳಿಗೆ ಹಿತ್ತಿಲೂ ಬೇಕು, ಬಿಡುವೂ ಬೇಕು. ಆ ಜಾಗಕ್ಕೆ ಬರುವುದು ಸಂಜೆಯ ಬೇಕರಿ, ಮೈದಾದ ಪರೋಟ, ಪಳಂಪೊರಿ, ಪೊಟ್ಟಣದ ತಿಂಡಿ. ಅಮೆರಿಕದ ಕೆವಿನ್ ಹಾಲ್ ೨೦೧೯ರಲ್ಲಿ ೨೦ ಮಂದಿಯನ್ನು ಆಸ್ಪತ್ರೆಯಲ್ಲಿಯೇ ಇರಿಸಿಕೊಂಡು, ಎರಡು ವಾರ ಕಾರ್ಖಾನೆಯ ಆಹಾರ, ಎರಡು ವಾರ ಮನೆಯಡುಗೆಯಂಥ ಆಹಾರ ಕೊಟ್ಟು ಬೇಕಾದಷ್ಟು ತಿನ್ನಲು ಬಿಟ್ಟನು. ಸಕ್ಕರೆ, ಕೊಬ್ಬು, ನಾರುಗಳನ್ನು ಎರಡರಲ್ಲಿಯೂ ಸರಿದೂಗಿಸಿ ಬಡಿಸಿದ್ದರೂ ಕಾರ್ಖಾನೆಯ ಆಹಾರ ಸಿಕ್ಕಾಗ ಅವರು ದಿನಕ್ಕೆ ೫೦೦ ಕಿಲೊಕ್ಯಾಲೊರಿಯಷ್ಟು ಹೆಚ್ಚಾಗಿ ತಿಂದರು.

ಊಟವನ್ನು ತಿದ್ದುವ ಪ್ರಯತ್ನವೂ ಕೇರಳದಲ್ಲಿ ನಡೆಯದೆ ಇಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಕೆ. ಆರ್. ತಂಗಪ್ಪನ್ ಮತ್ತು ಸಹೋದ್ಯೋಗಿಗಳು ನೆಯ್ಯಾಟಿಂಕರ ತಾಲ್ಲೂಕಿನ ೬೦ ಮತಗಟ್ಟೆ ವಲಯಗಳಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ ೧,೦೦೭ ಮಂದಿಯನ್ನು ಆರಿಸಿಕೊಂಡರು. ಆರಿಸಲು ಮೊದಲು ನೋಡಿದ್ದು ನಾಲ್ಕೇ ಸಂಗತಿಗಳನ್ನು: ವಯಸ್ಸು, ಸೊಂಟದ ಸುತ್ತಳತೆ, ವ್ಯಾಯಾಮ, ತಂದೆತಾಯಿಗಳ ರೋಗ. ಅರ್ಧದಷ್ಟು ವಲಯಗಳಲ್ಲಿ ನೆರೆಹೊರೆಯವರೇ ಗುಂಪುಕೂಡಿ, ತಮ್ಮೊಳಗಿನ ಒಬ್ಬರ ಮುಂದಾಳುತನದಲ್ಲಿ ಒಂದು ವರ್ಷ ಊಟ ನಡಿಗೆಗಳನ್ನು ತಿದ್ದಿಕೊಂಡರು. ಉಳಿದವರಿಗೆ ಕೈಪಿಡಿ ಮಾತ್ರ ಕೊಡಲಾಯಿತು. ೨೦೧೮ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡು ವರ್ಷಗಳ ಕೊನೆಗೆ ಕೈಪಿಡಿ ಪಡೆದವರಲ್ಲಿ ನೂರಕ್ಕೆ ೧೭.೧ ಮಂದಿಯೂ ಗುಂಪು ಕೂಡಿದವರಲ್ಲಿ ೧೪.೯ ಮಂದಿಯೂ ಮಧುಮೇಹಿಗಳಾಗಿದ್ದರು. ಗಣಿತಜ್ಞರು ಖಚಿತವೆನ್ನುವಷ್ಟು ದೊಡ್ಡ ಅಂತರ ಅದಲ್ಲ. ಗುಂಪಿನವರ ಎಲೆಯಲ್ಲಿ ತರಕಾರಿ ಹಣ್ಣುಗಳು ಹೆಚ್ಚಿದ್ದುವು, ಮದ್ಯ ಇಳಿದಿತ್ತು. ಯಾವ ಎಣ್ಣೆಯನ್ನು ಒಗ್ಗರಣೆಗೆ ಬಳಸಿದರೆಂಬುದು ಆ ಫಲಿತಾಂಶದಲ್ಲಿ ಮುಖ್ಯ ಸಂಗತಿಯಾಗಿ ಬರಲೇ ಇಲ್ಲ.